ಹರಾಜಿಗೆ ಮುಂಚೆ ಆ ಕಾರ್ಡನ್ನು ಬಿಚ್ಚಿಟ್ಟುಕೊಳ್ಳಿ

ರಾಜ್ಯದ ಡಿಗ್ರಿ ಕಾಲೇಜು, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್ ಇನ್‌ಸ್ಟ್ರಕ್ಟರುಗಳಿಗೆ, ಮೆಕ್ಯಾನಿಕ್ಕುಗಳಿಗೆ, ಅಟೆಂಡರುಗಳಿಗೆ



ಈ ಪತ್ರವನ್ನು ಪ್ರಿನ್ಸಿಪಾಲರಿಗೆ ಬರೆಯಬಹುದಿತ್ತು, ಎಚ್‌ಒಡಿಗಳಿಗೆ ಬರೆಯಬಹುದಿತ್ತು. ಬೀರುವಿನ ಬೀಗದ ಕೈ ಇರುವುದು ನಿಮ್ಮ ಹತ್ತಿರವಾದ್ದರಿಂದ ನಿಮಗೇ ಬರೆಯುತ್ತಿದ್ದೇನೆ. ಯಾವ ಬೀರುವಿನ ಯಾವ ಖಾನೆಯಲ್ಲಿ ಏನು ಬಿದ್ದಿದೆ ಎಂಬುದು ನಿಮಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ನ್ಯಾಕ್‌ನವರು ಬರುತ್ತಾರೆ, ಎನ್‌ಬಿಎಯವರು ಬರುತ್ತಾರೆ ಎಂದಾಗ ಲ್ಯಾಬನ್ನು ಚೊಕ್ಕ ಮಾಡುವವರು ನೀವು. ಡೆಡ್ ಸ್ಟಾಕ್ ಪಟ್ಟಿ ಬರೆದು ಸಹಿಗೆ ಕಳಿಸುವವರೂ ನೀವೇ. ಆ ಪಟ್ಟಿಯ ಒಂದು ಸಾಲಿನ ಬಗ್ಗೆ ನನ್ನ ತಕರಾರಿದೆ.

ಸಾಮಾನ್ಯವಾಗಿ ಆ ಸಾಲು ಹೀಗಿರುತ್ತದೆ: 'ಆಡ್-ಆನ್ ಕಾರ್ಡ್, ಉಪಯೋಗದಲ್ಲಿಲ್ಲ.' ಕಾರ್ಡು ಕೈಗೆತ್ತಿಕೊಂಡು ನೋಡಿದರೆ ಅದು ವೋಲ್ಟೇಜನ್ನು ಅಂಕಿ ಮಾಡಿ ಪಿಸಿಗೆ ಕೊಡುವ ಕಾರ್ಡು, ತೈವಾನಿನ ಅಡ್ವಾಂಟೆಕ್ ಕಂಪನಿಯ ಪಿಸಿಎಲ್-812ಪಿಜಿಯೋ ಪಿಸಿಎಲ್-818 ಸಾಲಿನದೋ ಆಗಿರುತ್ತದೆ. ಇಲ್ಲವೇ ಅಮೆರಿಕದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್‌ನವರ ಪಿಸಿಐ-6024ಇ. ಒಂದು ಕಾಲಕ್ಕೆ ಯಾವುದೋ ಅನುದಾನದಲ್ಲಿ ಬಂದು, ಒಬ್ಬ ಉತ್ಸಾಹಿ ಮೇಷ್ಟ್ರು ಇರುವ ತನಕ ನಡೆದು, ಅವರಿಗೆ ವರ್ಗವಾದ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಸೇರಿದ ಸರಕು. ಜೊತೆಗೆ ಬಂದ ಪಿಸಿ ಸತ್ತಿರುತ್ತದೆ, ಕಾರ್ಡು ಸತ್ತಿರುವುದಿಲ್ಲ. ಸಾಯುವುದಕ್ಕೆ ಅದರಲ್ಲಿ ತಿರುಗುವ ಭಾಗವಿಲ್ಲ, ಹೆಚ್ಚು ಬಿಸಿಯಾಗುವ ಭಾಗವೂ ಇಲ್ಲ.

ನಾನು ಕೇಳುವುದು ಇಷ್ಟೇ. ಹರಾಜಿಗೆ ಹಾಕುವ ಮುಂಚೆ ಕಾರ್ಡು, ಅದರ ಕೇಬಲ್ಲು, ಅದರ ಮ್ಯಾನ್ಯುಯಲ್ಲು ಮೂರನ್ನೂ ತೆಗೆದಿಡಿ. ಅದು ಕೂರುವಂಥ ಒಂದು ಹಳೇ ಪಿಸಿ ಉಳಿಸಿ. ಮೇಜಿನ ಒಂದು ಮೂಲೆ ಬಿಟ್ಟುಕೊಡಿ. ಕಾರ್ಡಿನ ಮುಂದೆ ಇರಬೇಕಾದ ಅನಲಾಗ್ ಸರ್ಕೀಟನ್ನು ಹುಡುಗರು, ಹುಡುಗಿಯರು ತಮ್ಮ ಕೈಯಾರೆ ಕಟ್ಟಲಿ. ಅಳತೆ ನಡೆಯುವುದು ಅಲ್ಲಿ. ಕಾರ್ಡು ಕೊನೆಯಲ್ಲಿ ಕೂತು ಲೆಕ್ಕ ಬರೆದುಕೊಳ್ಳುವ ಗುಮಾಸ್ತ, ಅಷ್ಟೆ. ಗುಮಾಸ್ತ ಚೆನ್ನಾಗಿದ್ದಾನೆ, ಅವನ ಮುಂದೆ ಬಂದು ಬೀಳುವ ಲೆಕ್ಕ ಸರಿಯಿರಬೇಕಾದರೆ ಮುಂದಿನ ಸರ್ಕೀಟು ಸರಿಯಿರಬೇಕು. ಆ ಸರ್ಕೀಟು ಕಟ್ಟುವುದನ್ನು ನಾವು ಯಾರಿಗೂ ಕಲಿಸುತ್ತಿಲ್ಲ. ಕಿಟ್ ತಂದಿಟ್ಟಿದ್ದೇವೆ, ಕಿಟ್‌ನ ಮುಂಭಾಗದಲ್ಲಿ ಬನಾನಾ ಸಾಕೆಟ್ಟು, ಒಳಗೆ ಎಪಾಕ್ಸಿ ಸುರಿದ ಡಬ್ಬ. ವೈರು ಚುಚ್ಚು, ರೀಡಿಂಗ್ ಬರೆದುಕೋ, ಗ್ರಾಫ್ ಹಾಕು, ರೆಕಾರ್ಡಿಗೆ ಸಹಿ ಮಾಡಿಸಿಕೋ.

ಮೊದಲ ಆಕ್ಷೇಪ ನಿಮ್ಮಿಂದಲೇ ಬರುತ್ತದೆ ಎಂದು ಗೊತ್ತು. 'ಸಾರ್, ಈಗ ಆರ್ಡುಯಿನೊ ಇದೆಯಲ್ಲ, ಹುಡುಗರ ಬ್ಯಾಗಿನಲ್ಲೇ ಇರುತ್ತೆ, ಈ ಹಳೇದು ಯಾಕೆ?' ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ. ಆರ್ಡುಯಿನೊ ಊನೋದ ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿ ಮಾಡುವ ಭಾಗ, 10 ಬಿಟ್‌ನದು. 0ಯಿಂದ 5 ವೋಲ್ಟನ್ನು 1024 ಮೆಟ್ಟಿಲು ಮಾಡಿದರೆ ಒಂದು ಮೆಟ್ಟಿಲಿಗೆ 4.88 ಮಿಲಿವೋಲ್ಟ್. 12 ಬಿಟ್‌ನ ಕಾರ್ಡಿನಲ್ಲಿ ಮೈನಸ್ 10ರಿಂದ ಪ್ಲಸ್ 10 ವೋಲ್ಟಿನ ರೇಂಜಿಟ್ಟರೆ 20 ವೋಲ್ಟಿಗೆ 4096 ಮೆಟ್ಟಿಲು, ಅಲ್ಲೂ ಒಂದಕ್ಕೆ 4.88 ಮಿಲಿವೋಲ್ಟೇ. ಕಾಗದದ ಮೇಲೆ ಎರಡೂ ಸಮ. ಆದರೆ ಊನೋಗೆ ಮೈನಸ್ ವೋಲ್ಟೇಜ್ ತೋರಿಸುವ ಹಾಗಿಲ್ಲ. ಅದು ತಾನಾಗಿ ಆಧಾರ ಇಟ್ಟುಕೊಳ್ಳುವುದು ತನ್ನದೇ 5 ವೋಲ್ಟಿನ ಸಪ್ಲೈಯನ್ನು. ಲ್ಯಾಪ್‌ಟಾಪಿನ ಯುಎಸ್‌ಬಿ ಸ್ವಲ್ಪ ಕುಗ್ಗಿದರೆ ರೀಡಿಂಗೂ ಬದಲಾಗುತ್ತದೆ. 6024ಇ ಕಾರ್ಡಿನಲ್ಲಿ ಒಳಗೇ ಗೇನ್ ಇದೆ. ಪ್ಲಸ್-ಮೈನಸ್ 50 ಮಿಲಿವೋಲ್ಟಿನ ರೇಂಜಿಗೆ ಇಳಿಸಿದರೆ ಮೆಟ್ಟಿಲು 24.4 ಮೈಕ್ರೊವೋಲ್ಟ್ ಆಗುತ್ತದೆ. ಎರಡು ವೈರುಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಅಳೆಯುವ ಡಿಫರೆನ್ಷಿಯಲ್ ಜೋಡಣೆ ಇದೆ. ಸೆಕೆಂಡಿಗೆ 2 ಲಕ್ಷ ಸ್ಯಾಂಪಲ್ ತೆಗೆಯುತ್ತದೆ, ಅದೂ ಕಾರ್ಡಿನದೇ ಗಡಿಯಾರದ ತಾಳಕ್ಕೆ.

ಹಾಗಂತ ಹಳೆಯದೇ ಮೇಲು ಎಂದು ವಾದಿಸಲು ಹೊರಟಿಲ್ಲ. ಲೋಡ್ ಸೆಲ್ ಇಟ್ಟು ತೂಕ ನೋಡುವುದಾದರೆ ಎಚ್‌ಎಕ್ಸ್ 711 ಎಂಬ 24 ಬಿಟ್‌ನ ಪುಟ್ಟ ಬೋರ್ಡು ಈ ಕಾರ್ಡುಗಳನ್ನು ಸುಲಭವಾಗಿ ಸೋಲಿಸುತ್ತದೆ. ಹೊಸದಾಗಿ ಕೊಳ್ಳಲು ದುಡ್ಡಿದ್ದರೆ ದೆಹಲಿಯ ಇಂಟರ್-ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನವರು ಫೀನಿಕ್ಸ್ ಯೋಜನೆಯಲ್ಲಿ ರೂಪಿಸಿದ ಎಕ್ಸ್‌ಪೈಸ್ ಕೊಳ್ಳಿ. ಭೌತಶಾಸ್ತ್ರದ ಮೇಷ್ಟ್ರುಗಳಿಗಾಗಿಯೇ ಮಾಡಿದ, ಒಳಗಿನ ನಕ್ಷೆಯನ್ನೂ ಬಚ್ಚಿಡದ ಒಳ್ಳೆಯ ಉಪಕರಣ ಅದು. ನನ್ನ ಮಾತು ಈಗಾಗಲೇ ಬೀರುವಿನಲ್ಲಿರುವ, ಈಗಾಗಲೇ ದುಡ್ಡು ಕೊಟ್ಟಾಗಿರುವ ಸಾಮಾನಿನ ಬಗ್ಗೆ.

ಇನ್ನೊಂದು ಕಾರಣವಿದೆ, ನನಗೆ ಅದೇ ದೊಡ್ಡದು. ಹಳೆಯ ಕಾರ್ಡು ಏನನ್ನೂ ಮುಚ್ಚಿಡುವುದಿಲ್ಲ. ಪಿಸಿಎಲ್-812ಪಿಜಿಯನ್ನೇ ನೋಡಿ. ಡಿಪ್ ಸ್ವಿಚ್ಚಿನಲ್ಲಿ ಒಂದು ಬೇಸ್ ವಿಳಾಸ ಇಡುತ್ತೀರಿ. ಬೇಸ್‌ಗೆ 11 ಕೂಡಿಸಿದ ಪೋರ್ಟಿಗೆ 1 ಬರೆದರೆ ಸಾಫ್ಟ್‌ವೇರ್ ಟ್ರಿಗರ್ ಎಂದರ್ಥ. 10 ಕೂಡಿಸಿದ ಪೋರ್ಟಿಗೆ ಚಾನೆಲ್ ಸಂಖ್ಯೆ, 9 ಕೂಡಿಸಿದ್ದಕ್ಕೆ ಗೇನ್. ಕೆಲವು ಮೈಕ್ರೊಸೆಕೆಂಡು ಬಿಟ್ಟು 12 ಕೂಡಿಸಿದ ಪೋರ್ಟಿಗೆ ಏನನ್ನಾದರೂ ಬರೆಯಿರಿ, ಪರಿವರ್ತನೆ ಶುರುವಾಯಿತು. 5 ಕೂಡಿಸಿದ ಪೋರ್ಟನ್ನು ಓದುತ್ತಾ ಇರಬೇಕು. ಅದರ ಐದನೇ ಬಿಟ್ ಸೊನ್ನೆಯಾದರೆ ಉತ್ತರ ಸಿದ್ಧ. ಆ ಬೈಟಿನ ಕೆಳಗಿನ ನಾಲ್ಕು ಬಿಟ್ಟು, 4 ಕೂಡಿಸಿದ ಪೋರ್ಟಿನ ಎಂಟು ಬಿಟ್ಟು, ಸೇರಿದರೆ 12. ಅಂಕಿ 2048 ಬಂದರೆ ಸೊನ್ನೆ ವೋಲ್ಟ್. ಡಾಸ್‌ನಲ್ಲಿ ಟರ್ಬೊ ಸಿ ಇಟ್ಟುಕೊಂಡು ಹತ್ತು ಸಾಲಿನಲ್ಲಿ ಮುಗಿಯುವ ಕೆಲಸ. ಟರ್ಬೊ ಸಿ ನಮ್ಮ ಕಾಲೇಜುಗಳಲ್ಲಿ ಇನ್ನೂ ಜೀವಂತ ಇರುವುದಕ್ಕೆ ಎಲ್ಲರೂ ನಗುತ್ತಾರೆ. ಈ ಒಂದು ಕೆಲಸಕ್ಕೆ ಅದು ಒದಗಿ ಬರುತ್ತದೆ. ವೋಲ್ಟೇಜು ಅಂಕಿಯಾಗುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಿದ ವಿದ್ಯಾರ್ಥಿಗೆ ಎಡಿಸಿಯ ಪಾಠ ಬೇರೆ ಬೇಕಾಗುವುದಿಲ್ಲ.

ಮೊದಲ ದಿನ ಮಾಡಿಸಬೇಕಾದ್ದು ಒಂದೇ. ಇನ್‌ಪುಟ್ಟನ್ನು ಗ್ರೌಂಡಿಗೆ ಶಾರ್ಟ್ ಮಾಡಿ ಸಾವಿರ ಸ್ಯಾಂಪಲ್ ತೆಗೆಸಿ. 2047, 2048, 2049 ಎಂದು ಮೂರೇ ಅಂಕಿ ಆಡುತ್ತಿದ್ದರೆ ಕಾರ್ಡು ಚೆನ್ನಾಗಿದೆ. ಆಮೇಲೆ ಶಾರ್ಟ್ ತೆಗೆದು ಇನ್‌ಪುಟ್ಟನ್ನು ಹಾಗೇ ತೆರೆದಿಡಿ. ಅಂಕಿ ಎಲ್ಲೆಲ್ಲಿಗೋ ತೇಲುತ್ತದೆ, ಕೈ ಹತ್ತಿರ ತಂದರೆ ಹಾರುತ್ತದೆ. 'ಏನೂ ಕೊಡದಿದ್ದರೆ ಸೊನ್ನೆ ಬರಬೇಕಲ್ವಾ ಸಾರ್?' ಎಂದು ಯಾರಾದರೂ ಕೇಳುತ್ತಾರೆ. ಆ ಪ್ರಶ್ನೆಯಿಂದ ಮುಂದಿನದೆಲ್ಲ ಹೊರಡುತ್ತದೆ.

ಈಗ ಕಟ್ಟುವ ಕೆಲಸಕ್ಕೆ ಬರೋಣ. ನನಗೆ ಕೇಳಿದರೆ ಮೊದಲು ಥರ್ಮೊಕಪಲ್ ಹಿಡಿಯಿರಿ. ಎರಡು ಬೇರೆ ಲೋಹದ ತಂತಿಯ ತುದಿ ಬೆಸೆದರೆ ಆಯಿತು, ಇದಕ್ಕಿಂತ ಸರಳವಾದ ಸೆನ್ಸರ್ ಇಲ್ಲ. ಸರಿಯಾಗಿ ಅಳೆಯಲು ಇಷ್ಟು ಕಾಡುವುದೂ ಇನ್ನೊಂದಿಲ್ಲ. ಕೆ ಟೈಪ್ ಥರ್ಮೊಕಪಲ್ ಒಂದು ಡಿಗ್ರಿಗೆ ಕೊಡುವುದು ಸುಮಾರು 41 ಮೈಕ್ರೊವೋಲ್ಟ್. ತಣ್ಣನೆಯ ತುದಿ ಸೊನ್ನೆ ಡಿಗ್ರಿಯಲ್ಲಿದ್ದು ಬಿಸಿ ತುದಿ 100 ಡಿಗ್ರಿಯಲ್ಲಿದ್ದರೆ 4.096 ಮಿಲಿವೋಲ್ಟ್. ಪಿಸಿಎಲ್-812ಪಿಜಿಯ ಪ್ಲಸ್-ಮೈನಸ್ 5 ವೋಲ್ಟಿನ ರೇಂಜಿನಲ್ಲಿ ಒಂದು ಮೆಟ್ಟಿಲೇ 2.44 ಮಿಲಿವೋಲ್ಟ್. ಅಂದರೆ ಬರ್ಫದಿಂದ ಕುದಿಯುವ ನೀರಿನ ತನಕ ಎರಡು ಮೆಟ್ಟಿಲೂ ತುಂಬುವುದಿಲ್ಲ. ದೊಡ್ಡದು ಮಾಡಲೇಬೇಕು.

ಎಡಿ 620 ಎಂಬ ಇನ್‌ಸ್ಟ್ರುಮೆಂಟೇಷನ್ ಆಂಪ್ಲಿಫೈಯರ್ ಚಿಪ್ಪಿಗೆ ಗೇನ್ ಇಡುವುದು ಒಂದೇ ರೆಸಿಸ್ಟರ್. 49.4 ಕಿಲೋಓಮನ್ನು ಆ ರೆಸಿಸ್ಟರಿನಿಂದ ಭಾಗಿಸಿ ಒಂದು ಕೂಡಿಸಿದರೆ ಗೇನ್. 100 ಓಮ್ ಹಾಕಿದರೆ 495. ಆಗ ಒಂದು ಡಿಗ್ರಿಗೆ 20 ಮಿಲಿವೋಲ್ಟ್ ಚಿಲ್ಲರೆ, ಮೆಟ್ಟಿಲಿಗೆ 0.12 ಡಿಗ್ರಿ. ಚಿಪ್ಪಿನ ಸಪ್ಲೈಗೆ ಎರಡು 9 ವೋಲ್ಟ್ ಬ್ಯಾಟರಿ ಸಾಕು. ಪಿಸಿಯ ಎಸ್‌ಎಂಪಿಎಸ್‌ನಿಂದ 12 ವೋಲ್ಟ್ ಎಳೆದರೆ ಅದರ ಸ್ವಿಚಿಂಗ್ ಗದ್ದಲವೂ ಜೊತೆಗೆ ಬರುತ್ತದೆ. ಗೇನ್ ರೆಸಿಸ್ಟರ್ ಮೆಟಲ್ ಫಿಲ್ಮ್ ಆಗಿರಲಿ, ಕಾರ್ಬನ್ ಬೇಡ. ಕೋಣೆ ಬಿಸಿಯಾದ ಹಾಗೆ ಅದರ ಬೆಲೆ ಬದಲಾಗಿ ಗೇನೇ ತೇಲುತ್ತದೆ.

ಇಷ್ಟು ಕಟ್ಟಿ ಪವರ್ ಕೊಟ್ಟರೆ ಔಟ್‌ಪುಟ್ ಎತ್ತಲೋ ಒಂದು ಕಡೆ ಹೋಗಿ ಕಚ್ಚಿಕೊಂಡು ಕೂರುತ್ತದೆ. ಚಿಪ್ ಸುಟ್ಟಿದೆ ಎಂದು ಬದಲಿಸುತ್ತಾರೆ, ಹೊಸದೂ ಹಾಗೇ. ಸುಟ್ಟಿರುವುದಿಲ್ಲ. ಚಿಪ್ಪಿನ ಎರಡು ಇನ್‌ಪುಟ್ಟಿಗೂ ನ್ಯಾನೊಆಂಪಿಯರ್ ಲೆಕ್ಕದಲ್ಲಿ ಒಂದಿಷ್ಟು ಕರೆಂಟು ಹರಿಯಬೇಕು. ಥರ್ಮೊಕಪಲ್ ಗಾಳಿಯಲ್ಲಿ ತೇಲುತ್ತಿದ್ದರೆ ಆ ಕರೆಂಟಿಗೆ ವಾಪಸು ಹೋಗುವ ದಾರಿಯಿಲ್ಲ. ಒಂದು ಇನ್‌ಪುಟ್ಟಿನಿಂದ ಗ್ರೌಂಡಿಗೆ 100 ಕಿಲೋಓಮ್ ಹಾಕಿದ ಕ್ಷಣ ಔಟ್‌ಪುಟ್ ಕೆಳಗಿಳಿದು ಹೇಳಿದ ಮಾತು ಕೇಳುತ್ತದೆ. ಪುಸ್ತಕದ ಓಪ್‌ಆಂಪಿಗೆ ಇನ್‌ಪುಟ್ ಕರೆಂಟೇ ಇಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಐದು ಅಂಕ ತೆಗೆದವರಿಗೆ ಈ ಒಂದು ರೆಸಿಸ್ಟರ್ ಬಹಳ ಹೇಳುತ್ತದೆ. ನೀವು ಮೊದಲೇ ಹೇಳಿಕೊಡಬೇಡಿ. ಒಂದು ಮಧ್ಯಾಹ್ನ ಪರದಾಡಲಿ.

ತಂತಿಯ ಬಣ್ಣದ ವಿಷಯ ಮಾತ್ರ ಮೊದಲೇ ಹೇಳಿ, ಏಕೆಂದರೆ ಅದರಲ್ಲಿ ಕಲಿಯುವುದೇನೂ ಇಲ್ಲ, ಬರೀ ತಲೆನೋವು. ಅಮೆರಿಕದ ಪದ್ಧತಿಯ ಕೆ ಟೈಪ್ ವೈರಿನಲ್ಲಿ ಹಳದಿ ಪ್ಲಸ್, ಕೆಂಪು ಮೈನಸ್. ಕೆಂಪು ಕಂಡ ಕೂಡಲೇ ಪ್ಲಸ್ಸಿಗೆ ಹಾಕುವುದು ನಮ್ಮೆಲ್ಲರ ಕೈಯ ಅಭ್ಯಾಸ. ಹಾಕಿದರೆ ನೀರು ಕಾಯಿಸಿದಷ್ಟೂ ಉಷ್ಣತೆ ಇಳಿಯುತ್ತದೆ.

ಥರ್ಮೊಕಪಲ್ ಹೇಳುವುದು ಎರಡು ತುದಿಗಳ ನಡುವಿನ ವ್ಯತ್ಯಾಸ ಮಾತ್ರ. ಹಾಗಾಗಿ ತಂತಿ ಬಂದು ಕೂರುವ ಟರ್ಮಿನಲ್ ಬ್ಲಾಕಿಗೆ ಒಂದು ಎಲ್‌ಎಂ 35 ಅಂಟಿಸಿ, ಅದರ ಡಿಗ್ರಿಗೆ 10 ಮಿಲಿವೋಲ್ಟನ್ನು ಇನ್ನೊಂದು ಚಾನೆಲ್ಲಿಗೆ ಕೊಟ್ಟು, ಪ್ರೋಗ್ರಾಮಿನಲ್ಲಿ ಕೂಡಿಸಬೇಕು. ಫ್ಯಾನಿನ ಗಾಳಿ ಆ ಬ್ಲಾಕಿಗೆ ಬಡಿಯದಂತೆ ಏನನ್ನಾದರೂ ಅಡ್ಡ ಇಡಿ. ಪರೀಕ್ಷೆಗೆ ಕರಗುತ್ತಿರುವ ಬರ್ಫ, ಕುದಿಯುವ ನೀರು. ಇಲ್ಲೊಂದು ಮಜಾ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಮಂಗಳೂರಿನ ವಿದ್ಯಾರ್ಥಿಗೆ 100 ಬರಬೇಕು, ಮಡಿಕೇರಿಯವರಿಗೆ 96 ಚಿಲ್ಲರೆ. ಬೆಂಗಳೂರಿನ ರೆಕಾರ್ಡ್ ಪುಸ್ತಕದಲ್ಲಿ 100.0 ಎಂದು ಬರೆದಿದ್ದರೆ ಆ ಅಂಕಿ ಸರ್ಕೀಟಿನಿಂದ ಬಂದದ್ದಲ್ಲ, ಪಕ್ಕದ ಬೆಂಚಿನಿಂದ ಬಂದದ್ದು.

ಇನ್ನು ಹಮ್. 50 ಹರ್ಟ್ಸಿನ ಮೇನ್ಸು ಲ್ಯಾಬಿನ ಗೋಡೆಯಲ್ಲಿ, ಟ್ಯೂಬ್‌ಲೈಟಿನಲ್ಲಿ, ಸೋಲ್ಡರಿಂಗ್ ಐರನ್ನಿನಲ್ಲಿ ಎಲ್ಲೆಲ್ಲೂ ಇದೆ. ನಿಮ್ಮ ಉದ್ದನೆಯ ವೈರು ಅದನ್ನು ಹಿಡಿಯುತ್ತದೆ. ಸಿಆರ್‌ಒದಲ್ಲಿ ಅದು ಅಲೆಯಾಗಿ ಕಾಣುವುದರಿಂದ ಯಾರೂ ಮೋಸ ಹೋಗುವುದಿಲ್ಲ. ಕಾರ್ಡಿನಲ್ಲಿ ಅದು ವೇಷ ಮರೆಸಿಕೊಂಡು ಬರುತ್ತದೆ. ಸೆಕೆಂಡಿಗೆ ಸರಿಯಾಗಿ 50 ಸ್ಯಾಂಪಲ್ ತೆಗೆಯುತ್ತಿದ್ದೀರಿ ಎಂದುಕೊಳ್ಳಿ. ಪ್ರತಿ ಸಲವೂ ಅಲೆಯ ಅದೇ ಜಾಗಕ್ಕೆ ಕೈ ಹಾಕಿದಂತಾಗಿ ಹಮ್ ಒಂದು ಸ್ಥಿರ ವೋಲ್ಟೇಜಿನಂತೆ ತೋರುತ್ತದೆ. ಆದರೆ ನಮ್ಮ ಗ್ರಿಡ್ಡು ಸರಿಯಾಗಿ 50ರಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಹಾಕಿಕೊಟ್ಟ ಮಿತಿಯೇ 49.90ರಿಂದ 50.05. ಈ ಗಳಿಗೆಯಲ್ಲಿ 49.95 ಇದ್ದರೆ ಪರದೆಯ ಮೇಲೆ 20 ಸೆಕೆಂಡಿಗೊಮ್ಮೆ ಏರಿ ಇಳಿಯುವ ನಿಧಾನದ ಅಲೆ ಕಾಣಿಸುತ್ತದೆ. ಬೀಕರಿನ ನೀರು ಉಸಿರಾಡುತ್ತಿದೆಯೇನೋ ಎನ್ನುವಂತೆ. ಹೀಟರಿನ ಥರ್ಮೊಸ್ಟ್ಯಾಟ್ ಆನ್-ಆಫ್ ಆಗುತ್ತಿದೆ ಎಂದು ವಿದ್ಯಾರ್ಥಿ ವಿವರಣೆಯನ್ನೂ ಬರೆದುಬಿಡುತ್ತಾನೆ. ಹೀಟರ್ ಆರಿಸಿ ತಣ್ಣೀರಿನಲ್ಲಿ ಇಟ್ಟು ನೋಡಲು ಹೇಳಿ. ಅಲೆ ಹಾಗೇ ಇರುತ್ತದೆ.

ಪರಿಹಾರ ಎರಡು, ಎರಡೂ ಬೇಕು. ಮೊದಲನೆಯದು ಕಾರ್ಡಿನ ಮುಂಚೆ: 15 ಕಿಲೋಓಮ್ ರೆಸಿಸ್ಟರು, 1 ಮೈಕ್ರೊಫ್ಯಾರಡ್ ಪಾಲಿಯೆಸ್ಟರ್ ಕೆಪ್ಯಾಸಿಟರು. ಸುಮಾರು 10 ಹರ್ಟ್ಸಿನ ಮೇಲಿನದನ್ನು ಇದು ತಗ್ಗಿಸುತ್ತಾ ಹೋಗುತ್ತದೆ. 50 ಹರ್ಟ್ಸ್ ಐದರಲ್ಲೊಂದು ಪಾಲಿಗೆ ಇಳಿಯುತ್ತದೆ. ಒಮ್ಮೆ ಅಂಕಿಯಾಗಿ ಒಳಗೆ ಬಂದು ವೇಷ ಹಾಕಿಕೊಂಡ ಹಮ್ಮನ್ನು ಆಮೇಲೆ ಯಾವ ಸಾಫ್ಟ್‌ವೇರೂ ಗುರುತಿಸಲಾರದು, ಆದ್ದರಿಂದ ಈ ಫಿಲ್ಟರ್ ಹೊರಗೇ ಇರಬೇಕು. ಎರಡನೆಯದು ಪ್ರೋಗ್ರಾಮಿನಲ್ಲಿ: ಸೆಕೆಂಡಿಗೆ 1000 ಸ್ಯಾಂಪಲ್ ತೆಗೆದು, 20ರ ಸರಾಸರಿ ಹಿಡಿಯುವುದು. 20 ಸ್ಯಾಂಪಲ್ ಅಂದರೆ 20 ಮಿಲಿಸೆಕೆಂಡು, ಮೇನ್ಸಿನ ಒಂದು ಪೂರ್ತಿ ಸುತ್ತು. ಮೇಲಿನರ್ಧ ಕೆಳಗಿನರ್ಧ ಹೊಡೆದುಹೋಗುತ್ತದೆ. ನಮ್ಮ ದೇಶದಲ್ಲಿ 20, ಅಮೆರಿಕದ ಪುಸ್ತಕ ನೋಡಿ ಕಾಪಿ ಮಾಡಿದರೆ 16.67 ಆಗುತ್ತದೆ, ಅದು ಇಲ್ಲಿ ನಡೆಯದು.

ಡಬ್ಬದ ಬಗ್ಗೆ ಒಂದು ಮಾತು. ತಗಡಿನ ಬಿಸ್ಕತ್ ಡಬ್ಬದಷ್ಟು ಒಳ್ಳೆಯ ಶೀಲ್ಡ್ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಕ್ಯಾಬಿನೆಟ್ಟಿನಲ್ಲಿ ಇಲ್ಲ. ತವರದ ಲೇಪ ಇರುವುದರಿಂದ ಒಳಗಡೆ ಬಣ್ಣ ಕೆರೆದು ನೇರವಾಗಿ ಸೋಲ್ಡರ್ ಮಾಡಬಹುದು. ಅಲ್ಯೂಮಿನಿಯಂ ಡಬ್ಬಕ್ಕೆ ಸೋಲ್ಡರ್ ಹಿಡಿಯದು. ಶೀಲ್ಡ್ ವೈರಿನ ಜಾಲರಿಯನ್ನು ಒಂದು ತುದಿಯಲ್ಲಿ ಮಾತ್ರ ಗ್ರೌಂಡಿಗೆ ಕೊಡಿ. ಎರಡೂ ತುದಿಗೆ ಕೊಟ್ಟರೆ ಎರಡು ಅರ್ತುಗಳ ನಡುವಿನ ವ್ಯತ್ಯಾಸದಿಂದ ಕರೆಂಟು ಆ ಜಾಲರಿಯಲ್ಲೇ ಹರಿದು, ಕಾಯಲು ಬಂದವನೇ ಕಳ್ಳನಾಗುತ್ತಾನೆ.

ಹದಿನಾರು ಚಾನೆಲ್ ಇದೆ ಎಂದು ಕಾರ್ಡಿನ ಪೆಟ್ಟಿಗೆ ಮೇಲೆ ಬರೆದಿದ್ದರೂ ಒಳಗಿರುವ ಎಡಿಸಿ ಒಂದೇ. ಮಲ್ಟಿಪ್ಲೆಕ್ಸರ್ ಒಂದೊಂದೇ ಚಾನೆಲ್ಲನ್ನು ಸರದಿಯಲ್ಲಿ ತಂದು ನಿಲ್ಲಿಸುತ್ತದೆ. ಹಾಲು ಅಳೆದ ಪಾವಿನಲ್ಲಿ ತೊಳೆಯದೆ ನೀರು ಅಳೆದರೆ ನೀರು ಬೆಳ್ಳಗಾಗುತ್ತದಲ್ಲ, ಹಾಗೆ ಹಿಂದಿನ ಚಾನೆಲ್ಲಿನ ವೋಲ್ಟೇಜು ಮುಂದಿನದಕ್ಕೆ ಅಂಟಿಕೊಂಡು ಬರುತ್ತದೆ. 6024ಇ ಕಾರ್ಡಿನ ಇನ್‌ಪುಟ್ಟಿನಲ್ಲಿ 100 ಪಿಕೊಫ್ಯಾರಡ್ ಇದೆ. ನಿಮ್ಮ ಸರ್ಕೀಟಿನ ಔಟ್‌ಪುಟ್ ರೆಸಿಸ್ಟೆನ್ಸ್ 100 ಕಿಲೋಓಮ್ ಆದರೆ ಟೈಮ್ ಕಾನ್‌ಸ್ಟಂಟ್ 10 ಮೈಕ್ರೊಸೆಕೆಂಡು. 12 ಬಿಟ್‌ನ ಅರ್ಧ ಮೆಟ್ಟಿಲಿನೊಳಗೆ ಬಂದು ನಿಲ್ಲಲು ಅದರ ಒಂಬತ್ತು ಪಟ್ಟು, 90 ಮೈಕ್ರೊಸೆಕೆಂಡು ಬೇಕು. ಪೂರ್ತಿ ವೇಗದಲ್ಲಿ ಕಾರ್ಡು ಕೊಡುವುದು 5. ಇದನ್ನು ತೋರಿಸಲು ಒಂದು ಚಾನೆಲ್ಲಿಗೆ ಬ್ಯಾಟರಿ, ಪಕ್ಕದ ಚಾನೆಲ್ಲಿಗೆ ದೊಡ್ಡ ರೆಸಿಸ್ಟರಿನ ಮೂಲಕ ಗ್ರೌಂಡ್ ಕೊಟ್ಟು ಸ್ಕ್ಯಾನ್ ಮಾಡಿಸಿ. ಗ್ರೌಂಡಿಗೆ ಕಟ್ಟಿದ ಚಾನೆಲ್ಲಿನಲ್ಲಿ ಬ್ಯಾಟರಿಯ ದೆವ್ವ ಕಾಣುತ್ತದೆ. ಟಿಎಲ್ 072ದ ಅರ್ಧವನ್ನು ಬಫರಾಗಿ ಹಾಕಿದರೆ ಬಿಟ್ಟು ಹೋಗುತ್ತದೆ. ಯಾವ ಮಂತ್ರವಾದಿಯೂ ಇಷ್ಟು ಕಡಿಮೆ ಖರ್ಚಿನಲ್ಲಿ ಬಿಡಿಸಲಾರ.

ಕಾರ್ಡನ್ನು ಹುಡುಗರ ಕೈಯಿಂದ ಕಾಪಾಡುವ ಚಿಂತೆ ನಿಮಗೆ ಇದ್ದೇ ಇರುತ್ತದೆ, ರಿಜಿಸ್ಟರಿನಲ್ಲಿ ನಿಮ್ಮ ಸಹಿ ಇದೆ. ಸಾಮಾನ್ಯ ಉಪಾಯ ಎಂದರೆ ಸೀರೀಸಿನಲ್ಲಿ 10 ಕಿಲೋಓಮ್, ಆಮೇಲೆ ಎರಡು ಸಪ್ಲೈಗಳಿಗೂ ಒಂದೊಂದು 1ಎನ್ 4148 ಡಯೋಡು. ಆದರೆ ಈ ಡಯೋಡು ಉಲ್ಟಾ ದಿಕ್ಕಿನಲ್ಲೂ ಸೋರುತ್ತದೆ. ಡೇಟಾಶೀಟಿನ ಮಿತಿ 20 ವೋಲ್ಟಿನಲ್ಲಿ 25 ನ್ಯಾನೊಆಂಪಿಯರ್. ಅಷ್ಟು ಸೋರಿದರೆ 10 ಕಿಲೋಓಮಿನಲ್ಲಿ ಕಾಲು ಮಿಲಿವೋಲ್ಟ್. ಇದನ್ನು ಆಂಪ್ಲಿಫೈಯರಿನ ಮುಂಚೆ ಹಾಕಿದರೆ ಥರ್ಮೊಕಪಲ್ಲಿನ ಲೆಕ್ಕದಲ್ಲಿ 6 ಡಿಗ್ರಿ ತಪ್ಪು, ಆಂಪ್ಲಿಫೈಯರಿನ ಆಮೇಲೆ ಹಾಕಿದರೆ ಲೆಕ್ಕಕ್ಕೇ ಬಾರದು. ಅದೇ ಎರಡು ಡಯೋಡು, ಜಾಗ ಬೇರೆ. ಕಾರ್ಡನ್ನು ಕಾಪಾಡಬೇಕಾದ್ದರಿಂದ ಕಾರ್ಡಿನ ಬಾಗಿಲಲ್ಲೇ ಹಾಕಿ.

ಎರಡು ಕೆಲಸಕ್ಕೆ ಮಾತ್ರ ಖಡಾಖಂಡಿತ ಬೇಡ ಎನ್ನಿ. ಒಂದು, 230 ವೋಲ್ಟಿನ ಮೇನ್ಸನ್ನು ರೆಸಿಸ್ಟರ್ ಡಿವೈಡರಿನಿಂದ ಇಳಿಸಿ ನೇರವಾಗಿ ಕಾರ್ಡಿಗೆ ಕೊಡುವುದು. ಕಾರ್ಡಿನ ಗ್ರೌಂಡ್ ಅಂದರೆ ಪಿಸಿಯ ಕ್ಯಾಬಿನೆಟ್ಟು, ಕ್ಯಾಬಿನೆಟ್ ಅಂದರೆ ಮೂರು ಪಿನ್ನಿನ ಅರ್ತು. ನಡುವೆ ಯಾವ ಗೋಡೆಯೂ ಇಲ್ಲ. ಮೇನ್ಸ್ ನೋಡಲೇಬೇಕೆಂದರೆ 6-0-6 ಟ್ರಾನ್ಸ್‌ಫಾರ್ಮರ್ ಇಡಿ. ಎರಡು, ಇಸಿಜಿ. ಪ್ರಾಜೆಕ್ಟ್ ಸೀಸನ್ನಿನಲ್ಲಿ ಯಾರಾದರೂ ಎದೆಗೆ ಎಲೆಕ್ಟ್ರೋಡ್ ಅಂಟಿಸಿಕೊಂಡು ಕಾರ್ಡಿಗೆ ಕಟ್ಟಲು ಬರುತ್ತಾರೆ. ಐಸೊಲೇಷನ್ ಆಂಪ್ಲಿಫೈಯರ್ ಇಲ್ಲದೆ ಡೆಸ್ಕ್‌ಟಾಪಿಗೆ ಮನುಷ್ಯನನ್ನು ಕಟ್ಟುವುದು ಬೇಡ. ಅಂದಹಾಗೆ, ಅರ್ತ್ ಪಿನ್ ಮುರಿದರೆ ಹಮ್ ಹೋಗುತ್ತದೆ ಎಂಬ 'ಟೆಕ್ನಿಕ್ಕು' ಕೆಲವು ಲ್ಯಾಬುಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹರಿದು ಬಂದಿದೆ. ಹಾಗೆ ಪಿನ್ ಮುರಿದ ಪ್ಲಗ್ಗು ಕಂಡರೆ ಅಲ್ಲೇ ಕತ್ತರಿಸಿ ಬಿಸಾಡಿ.

ಪಿಸಿಯ ವಿಷಯ. ಪಿಸಿಎಲ್ ಕಾರ್ಡುಗಳಿಗೆ ಐಎಸ್‌ಎ ಸ್ಲಾಟ್ ಬೇಕು. ಪೆಂಟಿಯಂ 3ರ ಕಾಲದ ಹಲವು ಮದರ್‌ಬೋರ್ಡುಗಳಲ್ಲಿ ಕಪ್ಪಗೆ ಉದ್ದಕ್ಕೆ ಒಂದಾದರೂ ಸಿಗುತ್ತಿತ್ತು. ಬೆಂಗಳೂರಿನ ಎಸ್‌ಪಿ ರೋಡಿನ ಹಳೇ ಸಾಮಾನಿನ ಮಳಿಗೆಗಳಲ್ಲಿ ಹುಡುಕಿದರೆ ಇಂಡಸ್ಟ್ರಿಯಲ್ ಪಿಸಿಗಳ ಬೋರ್ಡೂ ಕಣ್ಣಿಗೆ ಬೀಳುವುದುಂಟು. ಕೊಳ್ಳುವಾಗ ಪ್ರೊಸೆಸರಿನ ಸುತ್ತ ಇರುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳ ನೆತ್ತಿ ಉಬ್ಬಿದೆಯಾ ನೋಡಿ. 2000ದ ಆಚೀಚಿನ ಬೋರ್ಡುಗಳಿಗೆ ಅದೊಂದು ಪಿಡುಗು. ಸೌಂಡ್ ಬ್ಲಾಸ್ಟರ್ ಕಾರ್ಡಿದ್ದರೆ ಕಿತ್ತುಬಿಡಿ, ಅದು ಹೆಕ್ಸ್ 220ರ ವಿಳಾಸದಲ್ಲಿ ಕೂತಿರುತ್ತದೆ, ಅಲ್ಲೇ ನಿಮ್ಮ ಕಾರ್ಡನ್ನೂ ಕೂರಿಸಿದರೆ ಇಬ್ಬರೂ ಉತ್ತರ ಕೊಡುತ್ತಾರೆ. ಚಿಪ್ಪುಗಳ ಬಗ್ಗೆಯೂ ಎಚ್ಚರ: ಹೆಸರು ಉಜ್ಜಿ ಹೊಸ ಹೆಸರು ಅಚ್ಚು ಹಾಕಿದ ಮಾಲು ಎಲ್ಲ ಕಡೆ ಇದೆ. ಎಡಿ 620 ತಂದ ದಿನವೇ ಗೇನ್ ಅಳೆದು ನೋಡಿ.

ಪಿಸಿಐ ಕಾರ್ಡಾದರೆ ತೊಂದರೆ ಕಡಿಮೆ. ಲಿನಕ್ಸಿನಲ್ಲಿ ಕೊಮೆಡಿ ಎಂಬ ಡ್ರೈವರುಗಳ ಗುಚ್ಛ ಇದೆ. 2021ರಲ್ಲಿ ಬಂದ 5.13 ಕರ್ನಲ್ಲಿನಲ್ಲಿ ಅದು ಪ್ರಯೋಗದ ಅಂಗಳದಿಂದ ಮುಖ್ಯ ಮನೆಯೊಳಕ್ಕೆ ಬಂದಿದೆ. ಪಿಸಿಎಲ್-812, 818, ನ್ಯಾಷನಲ್ಲಿನ ಇ ಸರಣಿ ಎಲ್ಲಕ್ಕೂ ಅದರಲ್ಲಿ ಡ್ರೈವರ್ ಉಂಟು. ಲೈಸೆನ್ಸ್ ಡಾಂಗಲ್ ಕಳೆದುಹೋಯಿತು, ಸಾಫ್ಟ್‌ವೇರಿನ ಸಿಡಿಗೆ ಬೂಸ್ಟು ಹಿಡಿಯಿತು ಎಂದು ಕಾರ್ಡನ್ನು ಬದಿಗಿಟ್ಟಿದ್ದರೆ ಇನ್ನು ಆ ನೆವ ನಡೆಯದು.

ಕೇಬಲ್ಲಿನ ಕಥೆ ಬೇರೆ. ಗುಜರಿಯವರು ಮೊದಲು ಕತ್ತರಿಸುವುದೇ ಅದನ್ನು, ತಾಮ್ರಕ್ಕಾಗಿ. 6024ಇ ಕಾರ್ಡಿನ ಕನೆಕ್ಟರ್ 68 ಪಿನ್ನಿನದು. ಹಳೇ ಸರ್ವರುಗಳ ಸ್ಕಸಿ ಡಿಸ್ಕಿಗೆ ಬರುತ್ತಿದ್ದ 68 ಪಿನ್ನಿನ ಕೇಬಲ್ ಅದಕ್ಕೆ ಕೂರುತ್ತದೆ. ಕೂತ ಮಾತ್ರಕ್ಕೆ ನಂಬಬೇಡಿ, ಕೆಲವು ಕೇಬಲ್ಲಿನೊಳಗೆ ಗ್ರೌಂಡ್ ಪಿನ್ನುಗಳನ್ನೆಲ್ಲ ಒಟ್ಟು ಸೇರಿಸಿರುತ್ತಾರೆ. ಮಲ್ಟಿಮೀಟರಿನ ಬೀಪ್ ಇಟ್ಟು ಅರವತ್ತೆಂಟನ್ನೂ ನೋಡಿ. ಬೇಸರದ ಕೆಲಸ, ಡಿಟೆನ್ಷನ್ ಆದವರಿಗೆ ಹಚ್ಚಬಹುದು.

ಮ್ಯಾನ್ಯುಯಲ್ಲನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ಒಂದುವೇಳೆ ಕಾರ್ಡು ಹೋದರೂ ಹೋಗಲಿ, ಪುಸ್ತಕ ಇರಲಿ. ರಿಜಿಸ್ಟರ್ ಮ್ಯಾಪು, ಜಂಪರ್ ನಕ್ಷೆ, ಟ್ರಿಮ್‌ಪಾಟ್ ತಿರುಗಿಸಿ ಕ್ಯಾಲಿಬ್ರೇಟ್ ಮಾಡುವ ಕ್ರಮ ಎಲ್ಲ ಇರುವುದು ಅದರಲ್ಲಿ. ಈಗಿನ ಉಪಕರಣಗಳ ಜೊತೆ ಬರುವ ಕಾಗದದಲ್ಲಿ ಹದಿನಾಲ್ಕು ಭಾಷೆಯಲ್ಲಿ ಎಚ್ಚರಿಕೆ ಇರುತ್ತದೆ, ಒಳಗೇನಿದೆ ಎಂದು ಒಂದು ಭಾಷೆಯಲ್ಲೂ ಇರುವುದಿಲ್ಲ.

ಇದು ಕಸದಿಂದ ರಸ ಮಾಡುವ ಕಾರ್ಯಕ್ರಮ ಎಂದು ಫ್ಲೆಕ್ಸ್ ಹಾಕಿಸಬೇಡಿ. ಕಾರ್ಡು ಕಸವಲ್ಲ ಎಂಬುದೇ ನನ್ನ ವಾದ.

ಕಾಗದ-ಪತ್ರದ ತೊಡಕು ನನಗೆ ಗೊತ್ತಿಲ್ಲದ್ದಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಇಂಥ ಸಾಮಾನನ್ನು ಕಂಡ ಕಂಡ ಗುಜರಿಯವರಿಗೆ ತೂಗಿ ಕೊಡುವಂತಿಲ್ಲ, ನೋಂದಾಯಿತರಿಗೇ ಹೋಗಬೇಕು. ಹಾಗಾಗಿ ಪಿಸಿಯನ್ನೂ ಕಾರ್ಡನ್ನೂ ಒಂದೇ ಸಾಲಿನಲ್ಲಿ ಬರೆದು ಕಳಿಸುವ ಬದಲು ಎರಡು ಸಾಲು ಮಾಡಿ. ಪಿಸಿ: 'ದುರಸ್ತಿಗೆ ಯೋಗ್ಯವಲ್ಲ.' ಕಾರ್ಡು: 'ಸುಸ್ಥಿತಿಯಲ್ಲಿದೆ, ಪ್ರಾಜೆಕ್ಟ್ ಲ್ಯಾಬಿಗೆ ವರ್ಗಾಯಿಸಲಾಗಿದೆ.' ಕಂಡೆಮ್ನೇಷನ್ ಸಮಿತಿಯವರು ಸಹಿ ಮಾಡುವ ಮುಂಚೆ ಈ ಎರಡನೇ ಸಾಲು ಸೇರಿಸಿಬಿಟ್ಟರೆ ಆಮೇಲೆ ಆಡಿಟ್‌ನವರ ಪ್ರಶ್ನೆ ಇರುವುದಿಲ್ಲ. ಸುಸ್ಥಿತಿಯಲ್ಲಿದೆ ಎನ್ನಲು ಪುರಾವೆ ಕೇಳಿದರೆ ಇನ್‌ಪುಟ್ ಶಾರ್ಟ್ ಮಾಡಿ ತೆಗೆದ ಸಾವಿರ ಸ್ಯಾಂಪಲ್ಲಿನ ಪ್ರಿಂಟ್‌ಔಟ್ ಹಚ್ಚಿ.

ಹೊಸ ಸೆಮಿಸ್ಟರಿಗೆ ಪ್ರಾಜೆಕ್ಟ್ ಪಟ್ಟಿ ಹಾಕುವಾಗ ಮೇಷ್ಟ್ರುಗಳ ಕಿವಿಯಲ್ಲಿ ಒಂದು ಮಾತು ಹಾಕಿ. ನಾಲ್ಕು ಜನರ ಒಂದು ಬ್ಯಾಚಾದರೂ ಥರ್ಮೊಕಪಲ್ಲೋ, ಪಿಟಿ 100 ಸೆನ್ಸರ್ ಇಟ್ಟು ನಾಲ್ಕು ವೈರಿನ ರೆಸಿಸ್ಟೆನ್ಸ್ ಅಳತೆಯೋ ಹಿಡಿಯಲಿ. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ 'ಇದರಲ್ಲಿ ಹೊಸದೇನಿದೆ' ಎಂದು ಕೇಳಿದರೆ ಗಾಬರಿ ಬೇಡ. ಕಟ್ಟಿದವರನ್ನೇ ಮುಂದೆ ಬಿಟ್ಟು, ಆ 100 ಕಿಲೋಓಮ್ ರೆಸಿಸ್ಟರನ್ನು ಕಿತ್ತು ತೋರಿಸಲು ಹೇಳಿ.

ಇತಿ ನಿಮ್ಮ ವಿಶ್ವಾಸಿ,
ಸೋಲ್ಡರ್ ಹೊಗೆ ಕುಡಿದು ಬೆಳೆದ ನಿಮ್ಮವನೇ ಒಬ್ಬ